ಇಂದೇ ಕಡೇ ದಿನ

ಗುಜರಿಯವ ತೂಕಕ್ಕೆ ಕೊಟ್ಟ. ಹತ್ತು ಕಿಲೋ, ಮೇಲೆ ಚಿಲ್ಲರೆ.
ಗಣಿ ಕಂಪನಿಯ ಗೆಸ್ಟ್ ಹೌಸು ಮುಚ್ಚಿದಾಗ
ಸೋಫಾ, ಕೂಲರು, ತಲೆ ಮುರಿದ ಪಿಂಗಾಣಿ ಕುದುರೆಯ ಜೊತೆ
ಬಂದದ್ದಂತೆ ಈ ಡೆಕ್ಕು. ಜಪಾನಿನದು.
ಒಂದು ಕಾಲಕ್ಕೆ ಗುಂಡಿ ಒತ್ತಿದರೆ ಇದರ ಬಾಗಿಲು
ಅವಸರವಿಲ್ಲದ ಹಿರಿಯರು ಎದ್ದು ಬಂದಂತೆ ತೆರೆಯುತ್ತಿತ್ತು.
ಈಗಿಲ್ಲ. ಬೆಲ್ಟು ಕರಗಿ ಡಾಂಬರಾಗಿದೆ.

ಕೌಲ್ ಬಜಾರಿನಲ್ಲಿ ನನ್ನ ಅಂಗಡಿ, ಆರಡಿಗೆ ಎಂಟಡಿ.
ಹಿಂದೆ ಜೀನ್ಸ್ ತೊಳೆಯುವವರು, ಮೋರಿಯಲ್ಲಿ ನೀಲಿ ನೀರು.
ಮುಚ್ಚಳ ಬಿಚ್ಚಿದೆ. ಒಳಗೆಲ್ಲ ಕೆಂಪು.
ಸಂಡೂರಿನ ಗುಡ್ಡ ಲಾರಿ ಹತ್ತಿ ಹೋಗುವಾಗ
ಒಂದು ಹಿಡಿ ಇಲ್ಲಿ ಇಳಿದುಕೊಂಡಿತ್ತು.
ಬ್ರಶ್ಶಿನಿಂದ ಗುಡಿಸಿ ಕಾಗದಕ್ಕೆ ಸುರಿದೆ,
ಎಸೆಯಲು ಮನಸ್ಸಾಗಲಿಲ್ಲ.
ಟೇಪಾದರೂ ಏನು? ಪ್ಲಾಸ್ಟಿಕ್ ಪಟ್ಟಿಗೆ ಬಳಿದ ಕಬ್ಬಿಣದ ತುಕ್ಕು,
ನಮ್ಮ ಮಣ್ಣಿಗೆ ದೂರದ ದಾಯಾದಿ.
ಸ್ಪಿರಿಟ್ಟಿನಲ್ಲಿ ಹೆಡ್ಡು ಒರೆಸಿದಾಗ
ಹತ್ತಿಗೆ ಹತ್ತಿದ ಕಂದು
ಹಾಡಿನದೋ ಗುಡ್ಡದ್ದೋ, ಹೇಳಲಾರೆ.

ಮೂರು ಹೆಡ್ಡು ಇದಕ್ಕೆ.
ಮೊದಲನೆಯದು ಅಳಿಸುತ್ತದೆ. ನಡುವಿನದು ಬರೆಯುತ್ತದೆ.
ಕೊನೆಯದು ಅಲ್ಲೇ ನಿಂತು ಓದಿ ಒಪ್ಪಿಸುತ್ತದೆ.
ಮಾಮೂಲಿ ಡೆಕ್ಕಿನಲ್ಲಿ ಬರೆಯುವವನೂ ಓದುವವನೂ ಒಬ್ಬನೇ,
ನಂಬಿ ಕೂರಬೇಕು, ತಪ್ಪು ಮನೆಗೆ ಹೋದ ಮೇಲೆ ತಿಳಿಯುವುದು.
ಇದರಲ್ಲಿ ಸ್ವಿಚ್ಚು ಈಚೆಗಿಟ್ಟರೆ ಆಡುತ್ತಿರುವ ಮಾತು,
ಆಚೆಗಿಟ್ಟರೆ ಆಗಲೇ ಆಡಿಬಿಟ್ಟ ಮಾತು.
ನಡುವೆ ರೆಪ್ಪೆ ಬಡಿಯುವಷ್ಟು ಹೊತ್ತು.
ಕೇಳಿಸಿಕೊಳ್ಳುತ್ತಲೇ ಬಯಾಸ್ ತಿರುಗಿಸಿ ಸರಿಮಾಡಿಕೊಳ್ಳಬಹುದು,
ಸಂಸಾರದಲ್ಲಿ ಇಲ್ಲದ ಸೌಕರ್ಯ.

ಹೈದರಾಬಾದಿನ ಬೆಲ್ಟು ಬಂದು ಕೂತ ವಾರ
ಉರುಕುಂದಮ್ಮ ಬಂದಳು.
ಊರಿಗೆಲ್ಲ ಗೊತ್ತಿದ್ದ ದನಿ. ಮುಖ ಯಾರಿಗೂ ಗೊತ್ತಿಲ್ಲ.
ಆಟೋದ ಮೇಲಿನ ಮೈಕಿನಲ್ಲಿ ಇಪ್ಪತ್ತು ವರ್ಷ
ಸೀರೆ ಸೇಲು, ಸರ್ಕಸ್ಸು, ಕಣ್ಣಿನ ಶಿಬಿರ.
ಬನ್ನಿರಿ, ಮರೆಯದಿರಿ, ಇಂದೇ ಕಡೇ ದಿನ!
ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ.
ಮರುದಿನವೂ ಅದೇ ಆಟೋ, ಅದೇ ಕಡೇ ದಿನ.
ಈಗ ಪ್ಯಾಂಟಿನ ಜೇಬು ಹೊಲಿಯುತ್ತಾಳೆ, ಪೀಸಿಗಿಷ್ಟು ಅಂತ.

ಸೆರಗಿನ ಗಂಟಿನಿಂದ ಕ್ಯಾಸೆಟ್ಟು ತೆಗೆದಳು.
"ಇದರ ಮರಿ, ಮರಿಯ ಮರಿ ಊರೆಲ್ಲ ತಿರುಗಿ ಸವದು ಹೋದವು.
ತಾಯಿ ನನ್ನ ಹತ್ರನ ಐತಿ.
ತಕ್ಕ ಮಷಿನ್ ಸಿಕ್ಕಿದ್ದಿಲ್ಲ ನೋಡು ಹುಸೇನಪ್ಪ."

ಹೆಡ್ಡಿನ ಪಕ್ಕದ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿದೆ.
ಕಂಬಳಿ ಹೊದ್ದು ಮಲಗಿದ್ದ ಶಬ್ದ ಕಂಬಳಿ ಕೊಡವಿ ಎದ್ದಿತು.
ಸುಯ್ಯೆನ್ನುವ ತುಕ್ಕನ್ನು ಡಾಲ್ಬಿ ಅದುಮಿ ಹಿಡಿಯಿತು.
ಆಗ, ಮಾತಿಗೂ ಮುಂಚೆ,
ಎಂಜಲು ನುಂಗಿದ್ದು,
ಬಳೆ ಮೇಜಿಗೆ ತಾಕಿದ್ದು,
ಮೂಗಿನಲ್ಲೊಂದು ಸಣ್ಣ ಉಸಿರು.
ಆಮೇಲೆ ಬನ್ನಿರಿ, ಮರೆಯದಿರಿ.

"ನಿಲ್ಸು. ಹಿಂದಕ್ಕ ಹಾಕು."
ಮತ್ತೆ ಗುಟುಕು, ಬಳೆ, ಉಸಿರು.
"ಅಲ್ಲಿಗೆ ಸಾಕು. ಮುಂದಿಂದು ಸೀರಿ ಅಂಗಡಿದು.
ಇಷ್ಟು ನಂದು."
ಐದು ಸಲ ಕೇಳಿದಳು. ಐದನೆಯ ಸಲ ನಕ್ಕಳು.
"ಬಾಯಾಗ ಅಡಿಕಿ ಇತ್ತಪ್ಪ. ಉಗುಳಾಕ ಜಾಗ ಇದ್ದಿಲ್ಲ,
ನುಂಗಿಬಿಟ್ಟೆ."

ಹೊಸ ಕ್ಯಾಸೆಟ್ಟು ಹಾಕಿ ಮೈಕು ಮುಂದಿಟ್ಟೆ, ಏನಾದರೂ ಹೇಳು ಅಂದೆ.
ಕೆಂಪು ದೀಪ ಹತ್ತಿತು. ಅವಳು ಹೇಳಲಿಲ್ಲ.
ಮೀಟರಿನ ಮುಳ್ಳುಗಳು ಹಿತ್ತಲ ಹೊಲಿಗೆ ಯಂತ್ರಕ್ಕೆ,
ಸೋಡಾ ಬಂಡಿಯ ಗೋಲಿಗೆ, ಯಾರದೋ ಕೆಮ್ಮಿಗೆ
ಹೂಂ ಹೂಂ ಎಂದು ತಲೆಯಾಡಿಸಿದವು.
ಸ್ವಿಚ್ಚು ಆಚೆಗೆ ಒತ್ತಿದೆ.
ಅದೇ ಬಜಾರು, ಒಂದು ರೆಪ್ಪೆಯಷ್ಟು ಹಳತು.

ಎಷ್ಟು ಕೊಡಲಿ ಅಂದಳು. ಮೂವತ್ತು ಅಂದೆ.
ಇಪ್ಪತ್ತು ಇಟ್ಟು, ಉಳಿದದ್ದು ನಾಳೆ ಅಂತ
ಮೋರಿ ದಾಟಿ ಹೋದಳು.

ಆ ಹತ್ತು ಇನ್ನೂ ಬಂದಿಲ್ಲ.
ಕೆಂಪು ಧೂಳಿನ ಪೊಟ್ಟಣ ಡ್ರಾಯರಿನಲ್ಲಿದೆ.