ಹಸಿ ಚೀಲ

ಮೂವತ್ತೊಂದು ವರ್ಷ ಬ್ಯಾಡಗಿ ಯಾರ್ಡಿನ್ಯಾಗ
ತಕ್ಕಡಿ ಹಿಡದೇನಿ.
ಕಡ್ಡಿ, ಡಬ್ಬಿ, ಗುಂಟೂರು – ಕಣ್ಣು ಮುಚ್ಚಿ ಹೇಳತೇನಿ,
ಬರೋ ಸೀನಿನ ಮ್ಯಾಲ.

ತೂಕ ಬರಲೆಂತ ರಾತ್ರಿ ನೀರು ಹೊಡದು ತಂದ ಚೀಲಕ್ಕ
ಮೊಳಕೈತನಕ ಕೈ ಹಾಕಿ
ಒಂದು ಕಾಯಿ ಕಿವಿ ಹತ್ರ ಅಲ್ಲಾಡಿಸಿದ್ರ ಸಾಕು.
ಒಣಗಿದ್ದು ಗಲಗಲ ಅಂತೈತಿ,
ಹಸೀದು ಸುಮ್ಮನಿರತೈತಿ.
"ಹಸೀ!" ಅಂತ ಒದರತೇನಿ.
ದಲಾಲರು ಬೈತಾರ. ಬೈಲಿ.

ಇಂಥಾ ಕೈಯಾಗ ಒಂದು ಫೋನು ಇಟ್ಟ
ಹಾಲೇಶಿ, ನನ್ನ ತಂಗಿ ಮಗ.
"ಮಾಮಾ, ಗ್ರೂಪಿನ್ಯಾಗ ಹಾಕ್ಯಾರ,
ಹನ್ನೊಂದು ರೂಪಾಯಿ ಶೇರು, ದೀಪಾವಳಿಗೆ ನೂರು."

ಹನ್ನೊಂದಕ್ಕ ನಾ ತಗೊಳ್ಳಿಲ್ಲ.
ಹದಿನೆಂಟಾತು, ಇಪ್ಪತ್ತಾರಾತು, ದಿನಾ ಅಪ್ಪರ್ ಸರ್ಕಿಟ್,
ಬೇಕಂದ್ರೂ ಸಿಗವಲ್ದು ಅಂದ ಹಾಲೇಶಿ.
ಮೂವತ್ತೆರಡಕ್ಕ ಜೀವ ತಡೀಲಿಲ್ಲ.
ಸ್ಲ್ಯಾಬ್ ಹಾಕಸಾಕಂತ ಫಕ್ಕೀರವ್ವ ಕೂಡಿಸಿಟ್ಟ
ಒಂದು ಲಕ್ಷ ಅರವತ್ತು ಸಾವಿರ.
ಸಿಗಲಾರದ ಮಾಲು ಅವತ್ತ ಸಿಕ್ತು,
ಐದು ಸಾವಿರ ಶೇರೂ ಒಮ್ಮೆಲೇ, ಕಣ್ಣು ಪಿಳುಕಿಸೂದ್ರಾಗ.
ಆವಾಗ ತಿಳೀಬೇಕಿತ್ತು, ತಕ್ಕಡಿ ಹಿಡದಾಂವಗ.

ನಾಕು ದಿನ ಏರಿತು.
ನಾಕು ರಾತ್ರಿ ತಗಡಿನ ಕೆಳಗ ಮಲಕೊಂಡು
ನಾವಿಬ್ಬರೂ ಸ್ಲ್ಯಾಬ್ ನೋಡಿದ್ವಿ.

ಸೋಮವಾರ ಬಿತ್ತು.
ಮಾರು ಅಂದೆ. ಮಾರಾಕ ಬರಂಗಿಲ್ಲ ಅಂದ.
ಮಾರಾವ್ರು ಹತ್ತು ಲಕ್ಷ,
ಕೊಳ್ಳಾವ್ರ ಕಡೆ ಒಂದು ಸೊನ್ನಿ.
ಯಾರ್ಡಿನ್ಯಾಗ ಹಿಂಗ ಆಗೂದಿಲ್ಲಪಾ,
ಎಂಥಾ ಬೂಸಲು ಹಿಡದ ಕಾಯಿಗೂ
ಸಂಜೀಮುಂದ ಪುಡಿ ಮಾಡಾಂವ ಒಬ್ಬ ಬರತಾನ.

ಆಮ್ಯಾಲ ಗೊತ್ತಾತು: ನಾಕು ಮಂದಿ, ಒಂದು ಚೀಲ.
ಅಂವ ಇವಗ ಮಾರಿ, ಇಂವ ಮತ್ತೊಬ್ಬಗ,
ಮತ್ತೊಬ್ಬ ಹೊಳ್ಳಿ ಅವಗ, ಸಲಕ್ಕೊಮ್ಮೆ ಎರಡು ರೂಪಾಯಿ ಹೆಚ್ಚು.
ಚೀಲ ಜಾಗಾ ಬಿಟ್ಟು ಕದಲಿಲ್ಲ.
ನಾವು ದೂರ ನಿಂತು
"ಏನ್ ವ್ಯಾಪಾರಪಾ!" ಅಂದ್ವಿ.
ದನದ ಪ್ಯಾಟ್ಯಾಗೂ ಟವೆಲ್ ಕೆಳಗ ಬೆರಳು ಹಿಡದು ರೇಟು ಮಾಡತಾರ.
ಆದ್ರ ಟವೆಲ್ಲರ ಕಾಣತೈತಿ.

ಫಕ್ಕೀರವ್ವ ಬೈಲಿಲ್ಲ.
ಬಿಸಿಲಿಗೆ ತಗಡು ಟಕ್ ಅಂದಾಗೊಮ್ಮೆ
ಮ್ಯಾಲ ನೋಡತಾಳ, ಅಷ್ಟ.

ಮೊನ್ನಿ ಗುರುವಾರ ಟೆಂಡರ್ ಮುಗದು
ಚಹಾ ಕುಡಿಯೂಮುಂದ ಫೋನು ಗುಂಯ್ ಅಂತು.
ಹೋಗ್ಯಾವ – ಮುನ್ನೂರು ಶೇರು, ಎಪ್ಪತ್ತು ಪೈಸಾದ್ಹಂಗ.
ಇನ್ನೂರ ಹತ್ತು ರೂಪಾಯಿ.
ಗ್ರೂಪಿನ್ಯಾಗ ಮತ್ತ "ಏಳತೈತಿ" ಅಂತ ಹಾಕ್ಯಾರಂತ.

ಚಹಾ ಆರಿತು.
ತಗೊಂಡಾಂವ ಯಾರು?
ಕಲಘಟಗಿ ದವಾಖಾನಿ ಕಂಪೌಂಡರೋ,
ಎಲ್ಲ್ಯೋ ಬಿಹಾರದಾಗ ಸಾಲಿ ಬಸ್ಸು ಹೊಡಿಯಾಂವೋ.
ಫೋನು ಹೆಸರು ಹೇಳಂಗಿಲ್ಲ.
ಮೂವತ್ತೊಂದು ವರ್ಷದಾಗ ಒಂದು ಹಸಿ ಚೀಲಾನೂ
ನನ್ನ ತಕ್ಕಡಿ ದಾಟಿ ಸುಮ್ಮನ ಹೋಗಿಲ್ಲ.
ಇದು ಹೋತು.
ಒದರೂಣಂದ್ರ, ಯಾವ ಕಡೆ ಮಾರಿ ಮಾಡಿ ಒದರಲಿ?

ನಾಕು ಸಾವಿರದ ಏಳ್ನೂರು ಇನ್ನೂ ಉಳದಾವ.
ಮಾರಾಕ ಇಟ್ಟಿದ್ದು ಹಂಗ ಐತಿ.
ತಗೀಲೋ, ಬ್ಯಾಡೋ.
ಫಕ್ಕೀರವ್ವನ್ನ ಇನ್ನೂ ಕೇಳಿಲ್ಲ.