ಕಿರಮಂಜಿ ಚುಕ್ಕೆ

ಒಹಾಕಾದ ಬೆಟ್ಟದಡಿ, ತಗಡಿನ ಮಾಡಿನ ಕೆಳಗೆ,
ಎಲ್ಪಿಡಿಯಾ ಮಗ್ಗದ ಮುಂದೆ ನಿಂತು
ತನ್ನದೇ ಫೋನಿನ ಮುಖ ನೇಯುತ್ತಿದ್ದಳು:
ಬಾಗಿಲಷ್ಟು ಎತ್ತರ, ಕುರಿಯುಣ್ಣೆಯದು.

ಹೋದ ವರ್ಷ ಪೂರ್ತಿ ಅಲ್ಲಿ ನಾಲ್ಕು ಗಂಟೆ ಹದಿನೇಳು ನಿಮಿಷ.
ಬರೀ ನಾಲ್ಕಕ್ಕೇ ಒಂಬತ್ತು ದಿನ.
ಮೂಲೆಯ ಬ್ಯಾಟರಿಯಲ್ಲಿ ಉಳಿದದ್ದು ಮೂರೇ ಎಳೆ.
'ಚಾರ್ಜಿಗೆ ಹಾಕಬಾರದೇ ಅತ್ತೆ?' ಎಂದ ತಮ್ಮನ ಮಗ ಫಿದೆನ್ಸಿಯೊ.
ಅವನ ಕೈಗೊಂದು ಕದಿರು ಕೊಟ್ಟಳು.

ಬೂದು ಕುರಿಯದೇ, ಕಪ್ಪೂ ಕುರಿಯದೇ;
ನೀಲಿಗೆ ಗುಡಾಣದಲ್ಲಿ ಕೊಳೆತ ಎಲೆ.
ಕೆಂಪಿನ ಮಾತು ಬೇರೆ.
ಪಾಪಾಸುಕಳ್ಳಿಯ ಮೇಲೆ ಬಿಳಿ ಬೂಷ್ಟಿನಂತೆ ಕೂತ ಹುಳ,
ಚಮಚದಲ್ಲಿ ಕೆರೆದು, ಬಿಸಿಲಿಗೆ ಹರವಿ,
ಕಲ್ಲಿನ ಮೇಲೆ ಅರೆದರೆ ಕಿರಮಂಜಿ.
ಹುಳಿ ಹಿಂಡಿದರೆ ಕಿತ್ತಳೆಯತ್ತ ಓಡುತ್ತದೆ,
ಬೂದಿ ಬಿದ್ದರೆ ನೇರಳೆಯಾಗಿ ಮುನಿಯುತ್ತದೆ.
ಫೋನಿನವರ ಕೆಂಪು ಇವೆರಡರ ನಡುವೆ ಎಲ್ಲೋ.
ಎಂಟನೆಯ ಸಲ ಅದ್ದಿದಾಗ ಸಿಕ್ಕಿತು
ತಪ್ಪಿದ ಕರೆಯ ಆ ಒಂದು ಚುಕ್ಕೆ,
ಅಂಗೈಯಗಲ. ಎಷ್ಟು ಸಾವಿರ ಹುಳ ಎಂದು
ನಾನು ಕೇಳಲಿಲ್ಲ, ಅವಳು ಎಣಿಸಿರಲಿಲ್ಲ.

ಒಂದು ಸಂಜೆ ನೋಡಿದರೆ ಗಾಜಿನ ಬಿರುಕು
ಬಲಕ್ಕೆ ಹೊರಳಬೇಕಿದ್ದದ್ದು ಎಡಕ್ಕೆ ಹೊರಳಿದೆ.
ಪರದೆಯ ಮೇಲಾದರೆ ಬೆರಳ ತುದಿಯಲ್ಲಿ, ಹಿಂದಕ್ಕೆ.
ಇಲ್ಲಿ ಹಿಂದಕ್ಕೆ ಎಂದರೆ
ಹೊಕ್ಕನ್ನು ಎಳೆ ಎಳೆಯಾಗಿ ಬಿಚ್ಚಿ
ಅದೇ ಉಂಡೆಗೆ ಸುತ್ತುವುದು, ಮೂರು ದಿನ.
ಸುತ್ತಿದ ಮೇಲೂ ಉಣ್ಣೆ
ಹಳೆಯ ಡೊಂಕನ್ನು ಬಿಟ್ಟುಕೊಡುವುದಿಲ್ಲ.

ನಗರದ ಗ್ಯಾಲರಿಯಲ್ಲಿ ತೂಗುಹಾಕಿದ ದಿನ
ಕನ್ನಡಕದವನೊಬ್ಬ ಕೇಳಿದ: ಆ ಕರೆ ಯಾರದು?
ಸತ್ತವರದೇ? ಗಡಿ ದಾಟಿದವರದೇ?
ಅವನ ದನಿ ಆಗಲೇ ಒದ್ದೆಯಾಗಿತ್ತು.
'ಉಣ್ಣೆ ಮಾರುವವನದು,' ಎಂದಳು.
'ಬಾಕಿ ಕೇಳಲು. ಆಮೇಲೆ ಕೊಟ್ಟೆ.'

ಮುಟ್ಟಬೇಡಿ ಎಂಬ ಫಲಕವಿದ್ದೂ
ಎಲ್ಲರ ತೋರುಬೆರಳೂ ಅಲ್ಲಿಗೇ.
ಒತ್ತುತ್ತಾರೆ. ಏನೂ ತೆರೆಯುವುದಿಲ್ಲ.
ಬೆರಳು ಒಂದಿಷ್ಟು ಒಳಹೋಗಿ, ಬೆಚ್ಚಗಾಗಿ,
ನಾಚಿ ವಾಪಸಾಗುತ್ತದೆ.
ತಿಂಗಳೊಳಗೆ ಚುಕ್ಕೆಯ ನಡುವೆ ಜಿಡ್ಡಿನ ಸಣ್ಣ ಗುಳಿ.
ತೊಳೆಸಬಹುದೇ ಎಂದು ಗ್ಯಾಲರಿಯವರು ಬರೆದಿದ್ದಾರೆ.

ಸಂದೇಶ ಫೋನಿನಲ್ಲಿದೆ, ತೆರೆದಿಲ್ಲ.
ಮೇಲೊಂದು ಚಿಕ್ಕ ಕೆಂಪು.
ಎಲ್ಪಿಡಿಯಾ ಅದನ್ನು ಬಿಸಿಲಿಗೆ ಹಿಡಿದು,
ಕಣ್ಣು ಕಿರಿದು ಮಾಡಿ,
'ಇದಕ್ಕೆ ಸ್ವಲ್ಪ ಹುಳಿ ಕಡಿಮೆಯಾಗಿದೆ' ಎನ್ನುತ್ತಾಳೆ.