ಎಣಿಕೆ

ನಮ್ಮ ದೋಣಿಯ ತಳ ಸಪಾಟು,
ಹಿಟ್ಟು ನಾದುವ ಹಲಗೆಯ ಹಾಗೆ.
ನೀರಿಳಿದರೆ ಕೆಸರ ಮೇಲೆ ಕೂತುಬಿಡುತ್ತದೆ,
ನಾಚಿಕೆಯಿಲ್ಲದೆ.
ಹಿಂದೆ ಉಪ್ಪು ಹೊರುತ್ತಿತ್ತು,
ಬಿರಡೆಮರದ ತೊಗಟೆ ಹೊರುತ್ತಿತ್ತು,
ಈಗ ಶಾಲೆಯ ಮಕ್ಕಳನ್ನು.
ತೂಕ ಕಡಿಮೆ, ಗಲಾಟೆ ಹೆಚ್ಚು
ಎನ್ನುತ್ತಾರೆ ಮೆಶ್ತ್ರೆ ಜೆರ್ವಾಸಿಯು
ಚುಕ್ಕಾಣಿಗೆ ಸೊಂಟ ಆನಿಸಿ.
ಮೂತಿಯ ಎರಡೂ ಕಡೆ ಬಣ್ಣದ ಹೂಗಳು,
ವರ್ಷಕ್ಕೊಮ್ಮೆ ನಾನೇ ಬಳಿಯುತ್ತೇನೆ.
ಹೆಸರು ಫ್ಲೋರ್ ದು ಲೋಡು:
ಕೆಸರಿನ ಹೂ.

ಫೆಬ್ರವರಿ. ಮೊಯ್ಟಾದ ಕಾಲುವೆಯಲ್ಲಿ
ಉಬ್ಬರ ಇನ್ನೂ ಅರ್ಧ.
"ನದಿ ಹಿಂದಕ್ಕೆ ಹರೀತಿದೆ!" ಒಬ್ಬ ಕಿರುಚಿದ.
ಜುಡೀಟ್ ಟೀಚರ್ ನಕ್ಕು
ದಾರಕ್ಕೆ ಕಟ್ಟಿದ ಕಪ್ಪು ಬಿಳುಪು ತಟ್ಟೆಯನ್ನು
ನೀರಿಗೆ ಇಳಿಬಿಟ್ಟರು. "ಕಾಣದಾದಾಗ ಹೇಳಿ."
ಹನ್ನೊಂದು ಮಕ್ಕಳು ಬಗ್ಗಿದರು; ದೋಣಿಯೂ ಬಗ್ಗಿತು.
"ಹೋಯ್ತು!" "ಇಲ್ಲ, ಇನ್ನೂ ಇದೆ!" "ಈಗ ಹೋಯ್ತು!"
ಎಪ್ಪತ್ತು ಸೆಂಟಿಮೀಟರಿಗೆ ಎಲ್ಲರೂ ಒಪ್ಪಿದರು.
ದಾರ ಹಿಡಿದವನು ನಾನು.
ಈ ನೀರಲ್ಲಿ ಎಷ್ಟು ಆಳಕ್ಕೆ ಏನು ಮರೆಯಾಗುತ್ತದೆ
ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ.

ಆಮೇಲೆ ಬಲೆ ತೆಗೆದರು.
ಸೊಳ್ಳೆಪರದೆಯಂಥ ಬಿಳಿ ಬಟ್ಟೆ, ತುದಿಗೊಂದು ಶೀಶೆ.
"ಅಡೆಲೀನು, ಸ್ವಲ್ಪ ಹಿಡೀತೀರಾ?"
ಬೆರಳಿಗೆ ತಾಗಿದ್ದೇ ತಡ, ಗುರುತು ಸಿಕ್ಕಿತು.
ಅದೇ ನೇಯ್ಗೆ. ಅದೇ ಕಣ್ಣು.

ಆರು ಚಳಿಗಾಲ. ಚಂದ್ರನಿಲ್ಲದ ರಾತ್ರಿಗಳು,
ದೀಪ ಆರಿಸಿದ ಚಿಕ್ಕ ದೋಣಿ,
ಸೋದರಮಾವನ ಮಗ ಝೆಫೆರೀನು ಒಂದು ತುದಿಗೆ,
ನಾನೊಂದು ತುದಿಗೆ, ಮಾತಿಲ್ಲದೆ ಎಳೆಯುತ್ತಿದ್ದೆವು.
ಬೆಳಕು ಹರಿಯುವುದರೊಳಗೆ ವ್ಯಾನು ಬರುತ್ತಿತ್ತು.
ತಕ್ಕಡಿಗೆ ಸುರಿದರೆ ಬೇಯಿಸಿದ ಶ್ಯಾವಿಗೆ,
ಮಿಸುಕುವ ಶ್ಯಾವಿಗೆ.
ಒಂದು ಕಿಲೋಗೆ ಮನೆ ಬಾಡಿಗೆ.
ಎರಡು ಕಿಲೋದಲ್ಲಿ ಅಮ್ಮನ ಕಣ್ಣಿನ ಪೊರೆ ತೆಗೆಸಿದ್ದು.
ಉಳಿದದ್ದು ಎಲ್ಲಿ ಹೋಯಿತೋ, ದುಡ್ಡಿಗೂ ಗೊತ್ತಿಲ್ಲ.
ಝೆಫೆರೀನು ಸಿಕ್ಕಿಬಿದ್ದ.
ಆ ರಾತ್ರಿ ನಾನು ಜ್ವರದಲ್ಲಿ ಮಲಗಿದ್ದೆ,
ಅಷ್ಟೇ ವ್ಯತ್ಯಾಸ.

ಬಿಳಿ ಬಟ್ಟಲಿಗೆ ನೀರು ಸುರಿದರು.
ಸೀಗಡಿ ಮರಿ, ಏಡಿ ಮರಿ, ಒಂದು ಪ್ಲಾಸ್ಟಿಕ್ ಗುಂಡಿ,
ಮತ್ತೆ, ನೋಡಿದರೆ ಕಾಣದೆ
ನೆರಳಿನಿಂದ ಮಾತ್ರ ಸಿಕ್ಕಿಬೀಳುವಂಥದ್ದು.
"ಹಾವುಮೀನಿನ ಮರಿ," ಎಂದರು ಟೀಚರ್,
ಮಗು ಮಲಗಿದ ಕೋಣೆಯಲ್ಲಿ ಮಾತಾಡುವವರಂತೆ.
ಸಾಗರದಾಚೆ, ಪಾಚಿ ತೇಲುವ ಬೆಚ್ಚನೆ ಕಡಲಲ್ಲಿ ಹುಟ್ಟಿ
ಎರಡು ವರ್ಷವೋ ಮೂರೋ ತೇಲಿ ಬರುತ್ತವಂತೆ.
ಅವು ಮೊಟ್ಟೆಯಿಡುವುದನ್ನು ಈವರೆಗೆ ಯಾರೂ ಕಂಡಿಲ್ಲವಂತೆ.
"ಯಾರೂ?"
"ಯಾರೂ."
ವ್ಯಾನಿನವನು ಇದನ್ನು ಹೇಳಿರಲಿಲ್ಲ.

ನಿಲ್ಜಾ ಎಂಬ ಹುಡುಗಿ, ಜಡೆಗಳ ತುದಿಗೆ ಹಳದಿ ಮಣಿ,
ಬಟ್ಟಲಿಗೆ ಮೂಗು ತಾಗುವಷ್ಟು ಬಗ್ಗಿ ಎಣಿಸಿದಳು:
ಒಂದು. ಎರಡು. ಅಯ್ಯೋ, ಇದರ ಹೃದಯ ಕಾಣ್ತಿದೆ. ಮೂರು.
ನಾನೂ ಬಗ್ಗಿದೆ.
ಸಾಸಿವೆಗಿಂತ ಸಣ್ಣ ಕೆಂಪು, ಬಡಿಯುತ್ತಿತ್ತು.
ಲಕ್ಷಗಟ್ಟಲೆ ತೂಗಿದ ಕೈ ಇದು.
ಒಂದನ್ನೂ ಎಣಿಸಿರಲಿಲ್ಲ.

"ಏಳು," ಎಂದು ನೋಟ್‌ಬುಕ್ಕಿನಲ್ಲಿ ಬರೆದಳು,
ಉಪ್ಪಿನ ಅಳತೆಯ ಕೆಳಗೆ, ಗಾಳಿಯ ದಿಕ್ಕಿನ ಪಕ್ಕ.
ತಿರುಗಿ ನದಿಗೆ ಬಿಡುವಾಗ ಆರೇ ಜಾರಿದವು;
ಒಂದು ಬಟ್ಟಲಿನ ಅಂಚಿಗೆ ಅಂಟಿಕೊಂಡಿತ್ತು.
"ಬೆರಳು ಒದ್ದೆ ಮಾಡ್ಕೋ," ಎಂದೆ. "ಚಿವುಟಬೇಡ.
ಬಾಲದ ಕಡೆಯಿಂದ ನೂಕು, ಮೆಲ್ಲಗೆ."
ಟೀಚರ್ ನನ್ನ ಮುಖ ನೋಡಿದರು.
"ಇದೆಲ್ಲ ನಿಮಗೆ ಹೇಗೆ ಗೊತ್ತು, ಅಡೆಲೀನು?"

ಹಾಯಿ ಪಟಪಟ ಎಂದಿತು.
"ಗಾಳಿ ತಿರುಗಿತು," ಎಂದೆ. ನಿಜಕ್ಕೂ ತಿರುಗಿತ್ತು.
ಹಗ್ಗಕ್ಕೆ ಓಡಿದೆ.
ಮೆಶ್ತ್ರೆ ಕಣ್ಣು ದೂರಕ್ಕೆ ಕೀಲಿಸಿ ನಿಂತಿದ್ದರು;
ನನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳುವಾಗ
ಅವರು ಒಂದೂ ಪ್ರಶ್ನೆ ಕೇಳಿರಲಿಲ್ಲ.
ದಂಡೆಯಲ್ಲಿ ರಾಜಹಂಸಗಳು
ತಲೆಕೆಳಗಾದ ಕೊಕ್ಕಿನಲ್ಲಿ ಕೆಸರು ಸೋಸುತ್ತಿದ್ದವು.
ಬೆನ್ನ ಹಿಂದೆ ನಿಲ್ಜಾ ಕೂಗುತ್ತಿದ್ದಳು,
"ಏಳನೇದೂ ಹೋಯ್ತು,
ಏಳನೇದೂ ಹೋಯ್ತು ಕಣ್ರೀ!"
ಒದ್ದೆ ಹಗ್ಗ ಅಂಗೈಯಲ್ಲಿ ಜಾರುತ್ತಿತ್ತು.